ಮೂರನೆಯ ಮುಳ್ಳು

1958ರ ಡಿಸೆಂಬರ್ 24, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ದಟ್ಟ ಮಂಜು ಕವಿದು ಮೇಲಿನಿಂದ ನೆಲವೇ ಕಾಣದಂತಾಗಿತ್ತು. ಲಂಡನ್ನಿನಿಂದ ಪರೀಕ್ಷಾ ಹಾರಾಟಕ್ಕೆ ಹೊರಟಿದ್ದ ಬ್ರಿಟಾನಿಯಾ ವಿಮಾನವೊಂದು ಹರ್ನ್ ವಿಮಾನ ನಿಲ್ದಾಣದ ಸಮೀಪ ಕೆಳಗಿಳಿಯುತ್ತಿತ್ತು. ತಾವಿನ್ನೂ ಹನ್ನೊಂದೂವರೆ ಸಾವಿರ ಅಡಿ ಎತ್ತರದಲ್ಲಿದ್ದೇವೆ, ಇಳಿಯಲು ಬೇಕಾದಷ್ಟು ಅವಕಾಶವಿದೆ ಎಂದೇ ಚಾಲಕರು ನಂಬಿದ್ದರು. ಆದರೆ ವಿಮಾನವಿದ್ದದ್ದು ಒಂದೂವರೆ ಸಾವಿರ ಅಡಿಯಲ್ಲಿ. ಅದು ಮಂಜಿನೊಳಗೇ ನೆಲಕ್ಕೆ ಅಪ್ಪಳಿಸಿತು. ಒಳಗಿದ್ದ 12 ಮಂದಿಯಲ್ಲಿ 9 ಮಂದಿ ಸತ್ತರು.

ತನಿಖೆ ನಡೆಸಿದವರು ಬೊಟ್ಟು ಮಾಡಿದ್ದು ಚಾಲಕನ ಮುಂದಿದ್ದ ಅಂಗೈಯಗಲದ ಒಂದು ಡಯಲಿನತ್ತ. ಅದರ ಹೆಸರು ಎತ್ತರಮಾಪಕ ಅಥವಾ ಆಲ್ಟಿಮೀಟರ್. ಅದನ್ನು ಓದುವುದರಲ್ಲಿ ಹತ್ತು ಸಾವಿರ ಅಡಿಯಷ್ಟು ತಪ್ಪಾಗಿತ್ತು. ಇಷ್ಟು ಮುಖ್ಯವಾದ ಉಪಕರಣವನ್ನು ಸರಿಯಾಗಿ ಓದಲು ಇರಬೇಕಾದುದಕ್ಕಿಂತ ಹೆಚ್ಚಿನ ಗಮನ ಬೇಕಾಗುತ್ತದೆ ಎಂಬ ಮಾತನ್ನೂ ತನಿಖಾ ವರದಿ ಸೇರಿಸಿತು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಸ್ಕಾಟ್ಲೆಂಡಿನಲ್ಲಿ ವೈಕೌಂಟ್ ವಿಮಾನವೊಂದು ಇಂಥದೇ, ಇಷ್ಟೇ ಅಳತೆಯ ತಪ್ಪಿನಿಂದ ನೆಲಕ್ಕೆ ಬಡಿದಿತ್ತು. ಅದರಲ್ಲಿದ್ದ ಐವರೂ ಬದುಕಿ ಉಳಿದದ್ದು ಅದೃಷ್ಟವೇ ಸರಿ.

ಆ ಬಗೆಯ ಡಯಲನ್ನು ಈಗ ಹಲವು ದೇಶಗಳ ಹವ್ಯಾಸಿಗಳು ಹಿತ್ತಲಿನ ಶೆಡ್ಡಿನಲ್ಲೋ ಗ್ಯಾರೇಜಿನಲ್ಲೋ ಲೇತ್ ಇಟ್ಟುಕೊಂಡು ಹೊಸದಾಗಿ ಮಾಡುತ್ತಾರೆ. ಆಕಾಶಕ್ಕೆ ಏರುವ ವಿಮಾನಕ್ಕೆಂದು ಮಾಡುವುದಲ್ಲ ಇದು. ಮನೆಯ ಕೋಣೆಯಲ್ಲಿ ಕಂಪ್ಯೂಟರ್ ನಡೆಸುವ ಹುಸಿ ವಿಮಾನಕ್ಕೆ ಇದು ಬೇಕು. ಆಟದ ಸಾಮಾನಿಗೆ ಇಷ್ಟೊಂದು ಶ್ರಮವೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಒಂದು ಉಪಕರಣವನ್ನು ಮೊದಲಿನಿಂದ ಕೊನೆಯವರೆಗೆ ಕೈಯಾರೆ ನಕಲು ಮಾಡುವವನಿಗೆ ಅದರ ಜಾಣ್ಮೆಯ ಜೊತೆಗೆ ಅದರ ದೋಷವೂ ತಿಳಿಯುತ್ತದೆ. ಅದನ್ನು ತುಸು ವಿವರವಾಗಿ ನೋಡೋಣ.

ಮುಳ್ಳುಗಳ ಲೆಕ್ಕ

ಹಳೆಯ ಬಗೆಯ ಎತ್ತರಮಾಪಕ ನೋಡಲು ಗಡಿಯಾರದಂತಿರುತ್ತದೆ. ಆದರೆ ಅದರ ಮೇಲಿನ ಅಂಕಿಗಳು ಹನ್ನೆರಡಲ್ಲ, ಹತ್ತು, ಸೊನ್ನೆಯಿಂದ ಒಂಬತ್ತರವರೆಗೆ. ಉದ್ದನೆಯ ಮುಳ್ಳು ನೂರುಗಳನ್ನು ತೋರಿಸುತ್ತದೆ. ಅದು ಒಂದು ಸುತ್ತು ಬಂದರೆ ವಿಮಾನ ಸಾವಿರ ಅಡಿ ಏರಿದಂತೆ. ಗಿಡ್ಡ ಮುಳ್ಳು ಸಾವಿರಗಳನ್ನು ತೋರಿಸುತ್ತದೆ. ಅದರ ಒಂದು ಸುತ್ತಿಗೆ ಹತ್ತು ಸಾವಿರ ಅಡಿ. ಇವೆರಡರ ಜೊತೆಗೆ ಇನ್ನೂ ಚಿಕ್ಕದಾದ ಮೂರನೆಯ ಮುಳ್ಳೊಂದಿದೆ. ಹತ್ತು ಸಾವಿರಗಳ ಲೆಕ್ಕ ಅದರದು. ಅದು ಒಂದು ಸುತ್ತು ಪೂರ್ತಿ ಮಾಡಬೇಕಾದರೆ ವಿಮಾನ ಲಕ್ಷ ಅಡಿ ಏರಬೇಕು!

ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಅಂದಿನ ವಾಯುಭಾರಕ್ಕೆ ಸರಿಯಾಗಿ ಹೊಂದಿಸಿದ ಇಂಥ ಎತ್ತರಮಾಪಕ, ವಿಮಾನ ಅಲ್ಲಿ ನೆಲದ ಮೇಲೆ ಸುಮ್ಮನೆ ನಿಂತಿದ್ದಾಗಲೂ 3,000 ಅಡಿ ತೋರಿಸುತ್ತದೆ. ಉದ್ದದ ಮುಳ್ಳು ಸೊನ್ನೆಯ ಮೇಲೆ, ಗಿಡ್ಡದ್ದು ಮೂರರ ಮೇಲೆ, ಮೂರನೆಯದು ಸೊನ್ನೆಯನ್ನು ದಾಟಿ ತುಸುವೇ ಮುಂದೆ. ವಿಮಾನ ಏರಿ 13,000 ಅಡಿ ತಲುಪಿತೆನ್ನಿ. ಆಗಲೂ ಉದ್ದದ ಮುಳ್ಳು ಸೊನ್ನೆಯಲ್ಲೇ, ಗಿಡ್ಡದ್ದು ಮೂರರಲ್ಲೇ. ಬದಲಾದದ್ದು ಮೂರನೆಯದು ಮಾತ್ರ. ಅದು ಒಂದನ್ನು ದಾಟಿದೆ.

1,500ಕ್ಕೂ 11,500ಕ್ಕೂ ಇರುವ ವ್ಯತ್ಯಾಸವೂ ಹೀಗೆಯೇ. ದೊಡ್ಡ ಮುಳ್ಳುಗಳೆರಡೂ ಎರಡು ಎತ್ತರಗಳಲ್ಲೂ ಒಂದೇ ಮಾತು ಹೇಳುತ್ತವೆ. ಸಾವು ಬದುಕಿನ ವ್ಯತ್ಯಾಸವನ್ನು ಹೇಳಬೇಕಾದದ್ದು ಎಲ್ಲಕ್ಕಿಂತ ಚಿಕ್ಕದಾದ, ನಿಧಾನವಾಗಿ ಸರಿಯುವ, ಕೆಲವೊಮ್ಮೆ ಉಳಿದೆರಡರ ಕೆಳಗೆ ಮರೆಯಾಗುವ ಮೂರನೆಯ ಮುಳ್ಳು.

ಈ ಅಪಾಯ 1958ರಲ್ಲಿ ಹೊಸದಾಗಿ ಕಂಡದ್ದೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೇ ಅಮೆರಿಕದ ಸೇನೆಗಾಗಿ ವಾಲ್ಟರ್ ಗ್ರೆದರ್ ಎಂಬ ಮನಃಶಾಸ್ತ್ರಜ್ಞ ಬೇರೆ ಬೇರೆ ಬಗೆಯ ಎತ್ತರಮಾಪಕಗಳ ಚಿತ್ರಗಳನ್ನು ಚಾಲಕರ ಮುಂದಿಟ್ಟು ಓದಿಸಿ ನೋಡಿದ್ದ. ಮೂರು ಮುಳ್ಳಿನ ಡಯಲನ್ನು ಓದಲು ನುರಿತವರಿಗೂ ಸುಮಾರು ಏಳು ಸೆಕೆಂಡು ಬೇಕಾಯಿತು. ನೂರರಲ್ಲಿ ಹತ್ತಕ್ಕೂ ಹೆಚ್ಚು ಸಲ ಸಾವಿರ ಅಡಿ ಅಥವಾ ಅದಕ್ಕೂ ಮಿಕ್ಕ ತಪ್ಪಾಯಿತು. ಅಂಕಿಗಳನ್ನು ನೇರವಾಗಿ ತೋರಿಸುವ ಬಗೆಯನ್ನು ಅವರೇ ಎರಡು ಸೆಕೆಂಡಿನೊಳಗೆ ಓದಿದರು. ಈ ಅಧ್ಯಯನ 1949ರಲ್ಲಿ ಪ್ರಕಟವಾಯಿತು. ಬ್ರಿಟಾನಿಯಾ ಬಿದ್ದದ್ದು ಅದಾದ ಒಂಬತ್ತು ವರ್ಷಗಳ ನಂತರ.

ಗಾಳಿ ತಳ್ಳುವ ಯಂತ್ರ

ಹಾಗಾದರೆ ಇಂಥ ಡಯಲನ್ನು ಮಾಡಿದ್ದಾದರೂ ಏಕೆ? ಅದಕ್ಕೆ ಉತ್ತರ ಒಳಗಿನ ಯಂತ್ರದಲ್ಲಿದೆ.

ಎತ್ತರಕ್ಕೆ ಹೋದಂತೆ ವಾಯುಭಾರ ಇಳಿಯುತ್ತದೆ ಎಂಬುದನ್ನು ಫ್ರಾನ್ಸಿನ ಪ್ಯಾಸ್ಕಲ್ 1648ರಲ್ಲಿ ತನ್ನ ಭಾವನ ಕೈಯಲ್ಲಿ ಪಾದರಸದ ಕೊಳವೆ ಕೊಟ್ಟು ಬೆಟ್ಟ ಹತ್ತಿಸಿ ತೋರಿಸಿಕೊಟ್ಟಿದ್ದ. 1844ರಲ್ಲಿ ಅದೇ ದೇಶದ ಲ್ಯೂಸಿಯನ್ ವಿಡಿ ಪಾದರಸದ ಗೊಡವೆಯಿಲ್ಲದ ವಾಯುಭಾರಮಾಪಕ ಮಾಡಿದ. ಗಾಳಿ ತೆಗೆದು ಬಿಗಿದ, ತೆಳು ಲೋಹದ ಡಬ್ಬಿಯೇ ಅದರ ಹೃದಯ. ಹೊರಗಿನ ವಾಯುಭಾರ ಇಳಿದರೆ ಡಬ್ಬಿ ಉಬ್ಬುತ್ತದೆ, ಏರಿದರೆ ತಗ್ಗುತ್ತದೆ. ಈ ಉಬ್ಬುತಗ್ಗು ಕೆಲವೇ ಮಿಲಿಮೀಟರ್. ಅದನ್ನು ಸನ್ನೆ ಮತ್ತು ಹಲ್ಲುಚಕ್ರಗಳ ಮೂಲಕ ಹಿಗ್ಗಿಸಿ ಮುಳ್ಳಿಗೆ ಮುಟ್ಟಿಸಿದರೆ ಎತ್ತರಮಾಪಕವಾಯಿತು.

ಇದನ್ನು ವಿಮಾನ ಇಳಿಸುವಷ್ಟು ಸೂಕ್ಷ್ಮಗೊಳಿಸಿದವನು ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಾಲ್ ಕೋಲ್ಸ್‌ಮನ್, 1928ರಲ್ಲಿ. ಮರುವರ್ಷ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಜಿಮ್ಮಿ ಡೂಲಿಟಲ್ ಎಂಬ ಚಾಲಕ ಹೊರಗಿನದೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕುಳಿತು, ಉಪಕರಣಗಳನ್ನಷ್ಟೇ ನೋಡುತ್ತ ಏರಿ, ಹಾರಿ, ಇಳಿದ. ಅವನ ಮುಂದಿದ್ದ ಉಪಕರಣಗಳಲ್ಲಿ ಕೋಲ್ಸ್‌ಮನ್‌ನ ಎತ್ತರಮಾಪಕವೂ ಒಂದು. ಕಣ್ಣು ಕಾಣದಿದ್ದರೂ ಹಾರಬಹುದೆಂದು ಲೋಕಕ್ಕೆ ತಿಳಿದದ್ದು ಅಂದು.

ಇಳಿಯುವಾಗ ಇಪ್ಪತ್ತು ಅಡಿಯ ವ್ಯತ್ಯಾಸವೂ ಕಾಣಬೇಕು, ಮೇಲೇರಿದಾಗ ಹತ್ತಾರು ಸಾವಿರ ಅಡಿಯ ಲೆಕ್ಕವೂ ಸಿಗಬೇಕು. ಅಂಗೈಯಗಲದ ಒಂದೇ ಡಯಲಿನಲ್ಲಿ ಎರಡನ್ನೂ ತೋರಿಸಬೇಕೆಂದರೆ ಗಡಿಯಾರದವರ ಉಪಾಯವೇ ಗತಿ: ವೇಗದ ಮುಳ್ಳೊಂದು, ನಿಧಾನದ ಮುಳ್ಳೊಂದು, ಅದಕ್ಕೂ ನಿಧಾನದ್ದು ಮತ್ತೊಂದು. ಯಂತ್ರಕ್ಕೆ ಸುಲಭವಾದದ್ದು ಕಣ್ಣಿಗೆ ಕಷ್ಟವಾದದ್ದು ಹೀಗೆ.

ಹಾರ್ಮೋನಿಯಂ ತಿದಿಯಿಂದ ಹುಸಿ ವಿಮಾನ

ಉಪಕರಣ ನೋಡಿ ಹಾರುವುದನ್ನು ಕಲಿಸಲು ನೆಲದ ಮೇಲೇ ನಿಂತ ವಿಮಾನ ಬೇಕಾಯಿತು. ಅದನ್ನು ಮಾಡಿದವನು ಎಡ್ವಿನ್ ಲಿಂಕ್. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಅವನ ತಂದೆಗೆ ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆಯಿತ್ತು. ನಮ್ಮ ಹಾರ್ಮೋನಿಯಂನಲ್ಲಿರುವಂತೆ ಆರ್ಗನ್ನಿನಲ್ಲೂ ಗಾಳಿ ತುಂಬುವ ತಿದಿ, ಗಾಳಿ ಬಿಡುವ ಕವಾಟಗಳಿರುತ್ತವೆ. ಲಿಂಕ್ ಅವೇ ತಿದಿಗಳ ಮೇಲೆ ಮರದ ಪುಟ್ಟ ವಿಮಾನವೊಂದನ್ನು ಕೂರಿಸಿ, ಚಾಲಕ ಕೋಲು ಎಳೆದಂತೆ ಅದು ವಾಲುವ, ತಿರುಗುವ ಹಾಗೆ 1929ರ ಹೊತ್ತಿಗೆ ಮಾಡಿದ. ಮೊದಮೊದಲು ಕೊಂಡವರು ಮನರಂಜನಾ ಪಾರ್ಕುಗಳವರು!

1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸುವ ಹೊಣೆ ಹೊತ್ತು, ಕೆಟ್ಟ ಹವೆಯಲ್ಲಿ ಹಾರಿ, ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ವೈಮಾನಿಕರನ್ನು ಕಳೆದುಕೊಂಡಿತು. ಆಗ ಅದು ತಲಾ 3,500 ಡಾಲರ್ ಕೊಟ್ಟು ಲಿಂಕ್‌ನ ಆರು ಯಂತ್ರಗಳನ್ನು ಕೊಂಡಿತು. ಮಹಾಯುದ್ಧದ ಹೊತ್ತಿಗೆ ಐದು ಲಕ್ಷಕ್ಕೂ ಹೆಚ್ಚು ವೈಮಾನಿಕರು ಅವುಗಳಲ್ಲಿ ಕುಳಿತು ಕಲಿತರು. ಆಟದ ಸಾಮಾನು ಎಂದು ನಕ್ಕದ್ದೇ ಪಾಠಶಾಲೆಯಾಯಿತು.

ಮನೆಯ ಕಂಪ್ಯೂಟರಿಗೆ ಈ ವಿದ್ಯೆ ಬಂದದ್ದು ಬ್ರೂಸ್ ಆರ್ಟ್‌ವಿಕ್ ಎಂಬ ಎಂಜಿನಿಯರನ ಕಾರ್ಯಕ್ರಮದಿಂದ. ಅದನ್ನು 1982ರಲ್ಲಿ ಮೈಕ್ರೋಸಾಫ್ಟ್ ಮಾರುಕಟ್ಟೆಗೆ ತಂದಿತು. ಅಂದು ಗೆರೆಗಳ ಚಿತ್ರವಾಗಿದ್ದ ಲೋಕ ಇಂದು ಮೋಡ, ನದಿ, ಊರುಗಳ ಸಮೇತ ಪರದೆಯ ಮೇಲೆ ಮೂಡುತ್ತದೆ. ಉಪಕರಣಗಳೂ ಪರದೆಯ ಮೇಲೆಯೇ ಮೂಡುತ್ತವೆ. ಆದರೆ ಹವ್ಯಾಸಿಗೆ ಅಷ್ಟರಿಂದ ತೃಪ್ತಿಯಿಲ್ಲ. ನಿಜ ವಿಮಾನದಲ್ಲಿ ಚಾಲಕನ ಕಣ್ಣು ಹೊರಗಿದ್ದಾಗಲೂ ಕೈ ತಾನಾಗಿ ನಾಬ್ ಹುಡುಕಿಕೊಂಡು ಹೋಗುತ್ತದೆ. ಕಣ್ಣು ಒಂದು ಡಯಲಿನಿಂದ ಇನ್ನೊಂದಕ್ಕೆ ರೂಢಿಯ ದಾರಿಯಲ್ಲಿ ಓಡಾಡುತ್ತದೆ. ಮೌಸ್ ಹಿಡಿದು ಪರದೆಯ ಮೇಲಿನ ಗುಂಡಿ ಒತ್ತುವವನಿಗೆ ಈ ಎರಡೂ ರೂಢಿಯಾಗುವುದಿಲ್ಲ.

ಹಾಗಾದರೆ ಗುಜರಿಗೆ ಬಿದ್ದ ನಿಜವಾದ ಉಪಕರಣವನ್ನೇ ತಂದು ಒಳಗಿನದನ್ನು ಕಿತ್ತು ಮೋಟಾರ್ ಇಡಬಾರದೇ? ಕೆಲವರು ಹಾಗೆ ಮಾಡುವುದುಂಟು. ಆದರೆ ಹಳೆಯ ಉಪಕರಣ ಹಾಳಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಹಾಯುದ್ಧದ ಕಾಲದ ಅನೇಕ ಡಯಲುಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಬಳಿದಿದ್ದಾರೆ. ರೇಡಿಯಂ ಅರ್ಧದಷ್ಟು ಕರಗಲು 1,600 ವರ್ಷ ಬೇಕು. ಹೊಳಪು ಎಂದೋ ಆರಿದ್ದರೂ ವಿಷ ಆರಿಲ್ಲ. ಗಾಜು ತೆಗೆದರೆ ಉದುರುವ ಆ ಬಣ್ಣದ ಪುಡಿ ಶ್ವಾಸಕೋಶ ಸೇರಬಾರದು. ಆದ್ದರಿಂದ ಹೊಸದನ್ನೇ ಮಾಡುವುದು ಕ್ಷೇಮ.

ಲೇತಿನ ಮುಂದೆ

ಕೆಲಸ ಶುರುವಾಗುವುದು ಅಳತೆಯಿಂದ. ವಿಮಾನದ ಉಪಕರಣ ಕೂರುವ ರಂಧ್ರಕ್ಕೆ ರೂಢಿಯ ಅಳತೆಯೊಂದಿದೆ: ಮೂರೂ ಕಾಲು ಇಂಚಿಗೆ ಅರ್ಧಪಾವು ಕಡಿಮೆ, ಎಂದರೆ 79.4 ಮಿಲಿಮೀಟರ್. ಎಲ್ಲ ಯಂತ್ರವೂ ಇದರ ಹಿಂದೆ ಅಡಗಬೇಕು.

ಮುಂದಿನ ಚೌಕಟ್ಟಿನ ಬಳೆಯನ್ನು ದಪ್ಪ ಅಲ್ಯೂಮಿನಿಯಂ ಸರಳಿನಿಂದ ಕಡೆಯುತ್ತಾರೆ. ನೋಡಲು ಸುಲಭದ ಕೆಲಸ. ಆದರೆ ತೆಳುವಾದ ಬಳೆಯನ್ನು ಲೇತಿನ ಮೂರು ದವಡೆಗಳ ನಡುವೆ ಬಿಗಿ ಹಿಡಿದು ಕಡೆದರೆ ಬಳೆ ಆ ಮೂರು ಕಡೆ ಒತ್ತಿಸಿಕೊಂಡಿರುತ್ತದೆ. ಕಡೆಯುವಾಗ ದುಂಡಗೆ ಕಂಡದ್ದು ದವಡೆ ಸಡಿಲಿಸಿದೊಡನೆ ಮೂರು ಮೂಲೆಗೆ ಉಬ್ಬುತ್ತದೆ, ಗಾಜು ಕೂರುವುದಿಲ್ಲ. ಅನುಭವಸ್ಥರು ಸರಳನ್ನು ದಪ್ಪವಾಗಿಯೇ ಇಟ್ಟುಕೊಂಡು ಒಳಗನ್ನೂ ಗಾಜಿನ ಮೆಟ್ಟಿಲನ್ನೂ ಮೊದಲೇ ಕಡೆದು, ಬಳೆಯನ್ನು ಕೊನೆಯಲ್ಲಿ ಕತ್ತರಿಸಿ ಬೇರ್ಪಡಿಸುತ್ತಾರೆ. ಆಮೇಲೆ ಬೆಳಕು ಮಿರುಗದ ಕಪ್ಪು ಬಣ್ಣ.

ಜಾಣ್ಮೆಯೆಲ್ಲ ಬೇಕಾಗುವುದು ಹಲ್ಲುಚಕ್ರಗಳಿಗೆ. ಮೂರು ಮುಳ್ಳುಗಳೂ ಒಂದೇ ಕೇಂದ್ರದಲ್ಲಿ ತಿರುಗಬೇಕು, ಒಂದಕ್ಕಿಂತ ಒಂದು ಹತ್ತು ಪಟ್ಟು ನಿಧಾನವಾಗಿ. ನಡುವೆ ತೆಳು ಉಕ್ಕಿನ ದಂಡ. ಅದರ ಮೇಲೊಂದು ಹಿತ್ತಾಳೆ ಕೊಳವೆ. ಅದರ ಮೇಲೆ ಇನ್ನೊಂದು. ದಂಡದ ಮೇಲಿನ 20 ಹಲ್ಲಿನ ಚಕ್ರ ಪಕ್ಕದ 50 ಹಲ್ಲಿನ ಚಕ್ರವನ್ನು ತಿರುಗಿಸಲಿ. ವೇಗ ಎರಡೂವರೆ ಪಟ್ಟು ಇಳಿಯಿತು. ಆ 50ರ ಜೊತೆ ಒಂದೇ ಅಚ್ಚಿಗೆ ಕೂರಿಸಿದ 14 ಹಲ್ಲಿನ ಚಕ್ರ, ಕೊಳವೆಯ ಮೇಲಿನ 56 ಹಲ್ಲಿನದನ್ನು ತಿರುಗಿಸಲಿ. ಇನ್ನೂ ನಾಲ್ಕು ಪಟ್ಟು ಇಳಿಯಿತು. ಎರಡೂವರೆಯ ನಾಲ್ಕರಷ್ಟು ಹತ್ತು. ಇಪ್ಪತ್ತೂ ಐವತ್ತೂ ಕೂಡಿದರೆ ಎಪ್ಪತ್ತು. ಹದಿನಾಲ್ಕೂ ಐವತ್ತಾರೂ ಕೂಡಿದರೂ ಎಪ್ಪತ್ತು. ಹಲ್ಲುಗಳ ಗಾತ್ರ ಒಂದೇ ಆಗಿದ್ದರೆ ಚಕ್ರಗಳ ನಡುವಣ ದೂರವನ್ನು ನಿರ್ಧರಿಸುವುದು ಈ ಮೊತ್ತವೇ. ಆದ್ದರಿಂದ ಚಲನೆ ಹೊರಟ ಕೇಂದ್ರಕ್ಕೇ ಹಿಂತಿರುಗುತ್ತದೆ. ದಿಕ್ಕು ಎರಡು ಸಲ ತಿರುವುಮುರುವಾಗಿ ಮತ್ತೆ ಮೊದಲಿನದೇ ಆಗುತ್ತದೆ. ಇಂಥ ಎರಡು ಜೋಡಣೆಗಳನ್ನು ಒಂದರ ಹಿಂದೊಂದು ಇಟ್ಟರೆ ಮೂರು ಮುಳ್ಳಿನ ಲೆಕ್ಕ ಮುಗಿಯಿತು.

ಈಗ ತಿರುಗಿಸುವವರು ಯಾರು? ಅಸಲಿನಲ್ಲಿ ಗಾಳಿ, ನಕಲಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್. ಕಂಪ್ಯೂಟರ್ ಹುಸಿ ವಿಮಾನದ ಎತ್ತರವನ್ನು ಸೆಕೆಂಡಿಗೆ ಹಲವು ಸಲ ತಂತಿಯ ಮೂಲಕ ಹೇಳುತ್ತದೆ. ಆರ್ಡುಯಿನೊದಂಥ ಪುಟ್ಟ ಎಲೆಕ್ಟ್ರಾನಿಕ್ ಹಲಗೆ ಅದನ್ನು ಹೆಜ್ಜೆಗಳ ಲೆಕ್ಕಕ್ಕೆ ತರುತ್ತದೆ. ಸಾಧಾರಣ ಮೋಟಾರಿಗೆ ಸುತ್ತಿಗೆ 200 ಹೆಜ್ಜೆ. ಎಂದರೆ ಉದ್ದದ ಮುಳ್ಳಿನಲ್ಲಿ ಹೆಜ್ಜೆಗೆ ಐದು ಅಡಿ. ನಿಮಿಷಕ್ಕೆ 700 ಅಡಿ ಏರುವ ಸಣ್ಣ ವಿಮಾನದಲ್ಲಿ ಮುಳ್ಳು ಸೆಕೆಂಡಿಗೆ ಎರಡು ಸಲ ಟಿಕ್ ಟಿಕ್ ಎಂದು ಕುಪ್ಪಳಿಸಿ ತನ್ನ ಹುಟ್ಟುಗುಣ ತೋರಿಸಿಬಿಡುತ್ತದೆ. ಪ್ರತಿ ಹೆಜ್ಜೆಯನ್ನೂ ವಿದ್ಯುತ್ತಿನ ಉಪಾಯದಿಂದ ಎಂಟಾಗಿ ಒಡೆದರೆ ಆ ಕುಪ್ಪಳಿಕೆ ಕಣ್ಣಿಗೆ ಕಾಣದಷ್ಟಾಗುತ್ತದೆ.

ನಕಲಿನವನಿಗೆ ಒಂದು ತೊಂದರೆ ತಪ್ಪಿತು. ಸಮುದ್ರಮಟ್ಟದ ಬಳಿ ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಇಳಿಯಲು 27 ಅಡಿ ಏರಿದರೆ ಸಾಕು. 18,000 ಅಡಿಯ ಬಳಿ ಅಷ್ಟೇ ಇಳಿಯಲು ಸುಮಾರು 50 ಅಡಿ ಏರಬೇಕು. ಆದರೂ ಮುಳ್ಳು ಎಲ್ಲ ಎತ್ತರದಲ್ಲೂ ಒಂದೇ ಸಮನೆ ತಿರುಗುವಂತೆ ಅಸಲು ಉಪಕರಣದ ಸನ್ನೆಗಳನ್ನು ರೂಪಿಸಿರುತ್ತಾರೆ. ಆ ಜಾಣ್ಮೆ ನಕಲಿನಲ್ಲಿ ಬೇಕಿಲ್ಲ, ಲೆಕ್ಕವೆಲ್ಲ ಕಂಪ್ಯೂಟರಿನದು.

ಅಂದಂದಿನ ವಾಯುಭಾರ ಹೊಂದಿಸುವ ನಾಬ್ ಮತ್ತು ಅದರ ಅಂಕಿ ಕಾಣುವ ಪುಟ್ಟ ಕಿಟಕಿಯನ್ನು ಮಾತ್ರ ಬಿಡುವಂತಿಲ್ಲ. ಕೋಲ್ಸ್‌ಮನ್ ಹೆಸರಿನಿಂದಲೇ ಕರೆಯುವ ಕಿಟಕಿ ಅದು. ವಾಯುಭಾರ ಹತ್ತು ಹೆಕ್ಟೊಪಾಸ್ಕಲ್ ಬದಲಾದದ್ದನ್ನು ಮರೆತರೆ ಎತ್ತರದಲ್ಲಿ ಮುನ್ನೂರು ಅಡಿಯ ಸುಮಾರಿಗೆ ತಪ್ಪಾಗುತ್ತದೆ. ನಾಬ್ ತಿರುಗಿಸುವುದು ಕೈಗೆ ರೂಢಿಯಾಗಲೇಬೇಕು.

ದೋಷವನ್ನೂ ನಕಲು ಮಾಡಬೇಕೇ?

ಇಲ್ಲಿ ಮಾಡುವವನ ಮುಂದೊಂದು ಪ್ರಶ್ನೆ ನಿಲ್ಲುತ್ತದೆ. ಅಪಾಯಕಾರಿ ಎಂದು ತಿಳಿದ ಮೂರು ಮುಳ್ಳನ್ನೇ ಯಾಕೆ ಮಾಡಬೇಕು? ಎತ್ತರವನ್ನು ಅಂಕಿಗಳಲ್ಲೇ ತೋರಿಸುವುದು ಸುಲಭವಲ್ಲವೇ?

ಸುಲಭ ಹೌದು. ಆದರೆ ಆಗ ಅದು ಬೇರೆಯೇ ಉಪಕರಣವಾಗುತ್ತದೆ. ದೊಡ್ಡ ವಿಮಾನಗಳಲ್ಲಿ ಈಗ ಎತ್ತರ ಪರದೆಯ ಮೇಲೆ ಅಂಕಿಯಾಗಿ ಮೂಡುತ್ತದೆ. ಸಣ್ಣ ವಿಮಾನಗಳಲ್ಲಿ ಮುಳ್ಳಿನ ಡಯಲ್ ಇನ್ನೂ ಉಳಿದಿದೆ. ಅವುಗಳನ್ನು ಮಾಡುವವರು ಡಯಲನ್ನು ಬಿಡದೆ ದೋಷಕ್ಕೆ ಮದ್ದು ಹುಡುಕಿದ್ದಾರೆ. ಮೂರನೆಯ ಮುಳ್ಳಿನ ತುದಿಯನ್ನು ತ್ರಿಕೋನ ಮಾಡಿ ಅಂಚಿನವರೆಗೆ ಒಯ್ದರು. ಜೊತೆಗೆ, ಹತ್ತು ಸಾವಿರ ಅಡಿಯ ಕೆಳಗಿದ್ದಾಗ ಡಯಲಿನ ಸೀಳಿನಲ್ಲಿ ಓರೆಪಟ್ಟೆಗಳು ಕಾಣುವಂತೆ ಮಾಡಿದರು. ಮೇಲೇರಿದಂತೆ ಮರೆಯೊಂದು ಸರಿದು ಬಂದು, 15,000 ಅಡಿ ದಾಟುವ ಹೊತ್ತಿಗೆ ಪಟ್ಟೆ ಪೂರ್ತಿ ಮುಚ್ಚಿಹೋಗುತ್ತದೆ. ಪಟ್ಟೆ ಇಡಿಯಾಗಿ ಕಂಡರೆ ನೆಲ ಹತ್ತಿರವಿದೆ ಎಂದು ತಿಳಿ ಎಂಬ ಎಚ್ಚರಿಕೆ ಅದು. ನಕಲಿನಲ್ಲಿ ಅತಿ ನಿಧಾನದ ಕೊಳವೆಗೆ ಮುಳ್ಳಿನ ಬದಲು ಕಚ್ಚು ಕೊಯ್ದ ತಟ್ಟೆ ಕೂರಿಸಿದರೆ ಇದೂ ಸಾಧ್ಯ.

ಮಾಡುವವನಿಗೆ ನಿಜವಾದ ಪಾಠ ಸಿಗುವುದು ಎಲ್ಲ ಜೋಡಿಸಿ ಸ್ವಿಚ್ ಹಾಕಿದಾಗ. ವಿದ್ಯುತ್ ಇಲ್ಲದಾಗ ಮೋಟಾರಿಗೆ ತಾನೆಲ್ಲಿ ನಿಂತಿದ್ದೇನೆಂಬ ನೆನಪಿರುವುದಿಲ್ಲ. ಪ್ರತಿ ಸಲವೂ ಮುಳ್ಳುಗಳು ಸೊನ್ನೆಯನ್ನು ಹುಡುಕಿಕೊಳ್ಳಬೇಕು. ಅದಕ್ಕೆ ಚಕ್ರಕ್ಕೊಂದು ಪುಟ್ಟ ಅಯಸ್ಕಾಂತ ಅಂಟಿಸಿ, ಅದು ಹಾದುಹೋದದ್ದನ್ನು ತಿಳಿಸುವ ಸೆನ್ಸರ್ ಇಡುತ್ತಾರೆ. ಉದ್ದದ ಮುಳ್ಳಿನ ದಂಡಕ್ಕೆ ಮಾತ್ರ ಇಟ್ಟರೆ ಸೊನ್ನೆ ಕರಾರುವಾಕ್ಕಾಗಿ ಸಿಗುತ್ತದೆ. ಅಲ್ಲಿ ಒಂದು ಡಿಗ್ರಿಗೆ ಮೂರು ಅಡಿಯೂ ಇಲ್ಲ. ಆದರೆ ಅದು ಎಷ್ಟನೆಯ ಸುತ್ತಿನ ಸೊನ್ನೆ? ಸಾವಿರದ್ದೋ, ಹನ್ನೊಂದು ಸಾವಿರದ್ದೋ? ಯಂತ್ರಕ್ಕೆ ಗೊತ್ತಿಲ್ಲ. ನಿಧಾನದ ಚಕ್ರಕ್ಕೆ ಮಾತ್ರ ಇಟ್ಟರೆ ಸುತ್ತು ತಿಳಿಯುತ್ತದೆ, ಕರಾರು ಸಿಗುವುದಿಲ್ಲ. ಅಲ್ಲಿ ಒಂದು ಡಿಗ್ರಿ ತಪ್ಪಿದರೆ 278 ಅಡಿ ತಪ್ಪುತ್ತದೆ. ಆದ್ದರಿಂದ ಎರಡೂ ಬೇಕು, ಅದೂ ಸರಿಯಾದ ಕ್ರಮದಲ್ಲಿ. ಮೊದಲು ನಿಧಾನದ ಚಕ್ರವನ್ನು ಕೇಳಬೇಕು, ಆಮೇಲೆ ವೇಗದ್ದನ್ನು.

ಮೂರು ಸೆಂಟಿಮೀಟರ್ ಅಗಲದ ನಿಧಾನದ ಚಕ್ರದ ಅಂಚಿನಲ್ಲಿ ಸಾವಿರ ಅಡಿ ಎಂದರೆ ಒಂದು ಮಿಲಿಮೀಟರಿಗೂ ಕಡಿಮೆ. ಅಯಸ್ಕಾಂತ ಅಷ್ಟು ಆಚೀಚೆ ಆದರೆ ನಕಲು ಯಂತ್ರವೂ ಸಾವಿರ ಅಡಿ ತಪ್ಪಾಗಿ ನಿಂತು, ಸರಿಯಾಗಿದ್ದೇನೆ ಎಂಬಂತೆ ಮುಖ ಮಾಡುತ್ತದೆ. ಕೋಣೆಯಲ್ಲಿ ಅದರಿಂದ ಯಾರಿಗೂ ಕೇಡಿಲ್ಲ. ಬಿಚ್ಚಿ ಮತ್ತೆ ಅಂಟಿಸಿದರಾಯಿತು. ಮಂಜಿನೊಳಗೆ ಇಳಿಯುತ್ತಿದ್ದವರಿಗೆ ಆ ಅವಕಾಶವಿರಲಿಲ್ಲ.

ಮುಳ್ಳುಗಳನ್ನು ಕೂರಿಸುವಾಗಲೂ ಇದೇ ಕ್ರಮ. ಹೊರಗಿನ ಕೊಳವೆಗೆ ಸೇರಿದ ಮೂರನೆಯ ಮುಳ್ಳು ಡಯಲಿಗೆ ಎಲ್ಲಕ್ಕಿಂತ ಹತ್ತಿರವಿರುವುದರಿಂದ ಅದನ್ನೇ ಮೊದಲು ಒತ್ತಿ ಕೂರಿಸಬೇಕು. ಅದರ ಮೇಲೆ ಗಿಡ್ಡದ್ದು, ಕೊನೆಗೆ ಉದ್ದದ್ದು. ಮಾಡುವವನ ಕೈಗೆ ಮೊದಲು ಸಿಗುವ ಮುಳ್ಳು ನೋಡುವವನ ಕಣ್ಣಿಗೆ ಕೊನೆಗೆ ಬೀಳುತ್ತದೆ. ಒಮ್ಮೆ ಕೈಯಾರೆ ಕೂರಿಸಿದವನು ಇನ್ನೆಂದೂ ಅದನ್ನು ನೋಡದೆ ಎತ್ತರ ಓದಲಾರ.